ಪ್ಯಾಲೆಟ್ ಮರ, ಹಳೆ ಹಂಚು, ಕಲ್ಲು ಕೂಚ: ಕೋಳಿ ಗೂಡು ಕಟ್ಟಿದ ನನ್ನ ಅನುಭವ

ಹಳೆ ಸಾಮಾನಿನಲ್ಲಿ ಏನಾದರೂ ಕಟ್ಟಬೇಕು ಅಂತಿರುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ನಕ್ಷೆ ಬರೆದಿಟ್ಟುಕೊಂಡು ಸಾಮಾನು ಹುಡುಕಲು ಹೋಗಬೇಡಿ. ಸಾಮಾನು ಸೇರಲಿ, ಟೇಪು ಹಿಡಿದು ಅಳೆಯಿರಿ, ಆಮೇಲೆ ಪೆನ್ಸಿಲ್ ಎತ್ತಿಕೊಳ್ಳಿ. ನಮ್ಮ ಹಿತ್ತಿಲಲ್ಲಿ ಈಗ 8 ಅಡಿ ಉದ್ದ, 4 ಅಡಿ ಅಗಲದ ಒಂದು ಕೋಳಿ ಗೂಡು ನಿಂತಿದೆ. ಗೋದಾಮಿನಲ್ಲಿ ಸರಕಿನ ಕೆಳಗೆ ಇಡುವ ಮರದ ಪ್ಯಾಲೆಟ್, ಮಿಷನ್ ತುಂಬಿ ಬಂದ ಪೆಟ್ಟಿಗೆಯ ಮರ, ಕೆಡವಿದ ಮನೆಯ ಮಂಗಳೂರು ಹಂಚು, ಕಿತ್ತ ಬೇಲಿಯ ಕಲ್ಲು ಕೂಚ, ಒಂದು ಹಳೆ ಕಿಟಕಿಯ ಬಾಗಿಲು, ಇಷ್ಟರಲ್ಲೇ ಆಗಿದೆ. ಆ 8 ಮತ್ತು 4 ಅನ್ನೋ ಅಳತೆಯನ್ನು ನನಗೆ ಹೇಳಿಕೊಟ್ಟಿದ್ದು ಪ್ಯಾಲೆಟ್ ಹಲಗೆಯೇ. ಹೇಗೆ ಅಂತ ಮುಂದೆ ಬರೆಯುತ್ತೇನೆ.

ನಾವಿರುವುದು ನೆಲಮಂಗಲ ದಾಟಿ ದಾಬಸ್‌ಪೇಟೆ ಕಡೆ. ಹೆದ್ದಾರಿ ಉದ್ದಕ್ಕೂ ಗೋದಾಮುಗಳು, ಸೋಂಪುರದಲ್ಲಿ ಕಾರ್ಖಾನೆಗಳು. ಮುರಿದ ಪ್ಯಾಲೆಟ್‌ಗಳು ಕಾಂಪೌಂಡ್ ಪಕ್ಕ ರಾಶಿ ಬಿದ್ದಿರುತ್ತವೆ. ಬಿದ್ದಿದೆ ಅಂತ ಎತ್ತಿಕೊಂಡು ಬರುವ ಹಾಗಿಲ್ಲ, ಬಹಳ ಕಡೆ ಗುಜರಿಯವರ ಜೊತೆ ಮೊದಲೇ ಮಾತಾಗಿರುತ್ತದೆ. ಗೇಟಿನಲ್ಲಿರುವ ಸೆಕ್ಯುರಿಟಿಯವರನ್ನು ಕೇಳಿದರೆ ಯಾವ ಗುಜರಿ ಅಂಗಡಿಗೆ ಹೋಗುತ್ತದೆ ಅಂತ ಹೇಳುತ್ತಾರೆ, ಸೀದಾ ಅಲ್ಲಿಗೇ ಹೋಗುವುದು ಸುಲಭ. ನೀಲಿ ಬಣ್ಣ ಬಳಿದ ಪ್ಯಾಲೆಟ್ ಕಂಡರೆ ಕೇಳದೆ ಮುಟ್ಟಬೇಡಿ, ಅವು ಸಾಮಾನ್ಯವಾಗಿ ಬಾಡಿಗೆ ಕಂಪನಿಯವು, ವಾಪಸ್ ಹೋಗಬೇಕಾದವು. ಗುಜರಿಯಲ್ಲಿ ಪ್ಯಾಲೆಟ್‌ಗೆ ಒಂದಕ್ಕೆ ಇಷ್ಟು ಅಂತ ರೇಟು. ಮಿಷನ್ ಪೆಟ್ಟಿಗೆಯ ಮರವನ್ನು ಮಾತ್ರ ಸೌದೆ ಲೆಕ್ಕದಲ್ಲಿ ತೂಕಕ್ಕೆ ಹಾಕುತ್ತಾರೆ. ಅದರಲ್ಲಿ 8 ಅಡಿ, 10 ಅಡಿ ಉದ್ದದ ನೆಟ್ಟಗಿನ ಪೈನ್ ತೊಲೆಗಳು ಇರುತ್ತವೆ, ಅವು ಒಲೆಗೆ ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಅಂಗಡಿಯವರ ಹತ್ತಿರ "ಉದ್ದದ್ದು ಬಂದ್ರೆ ಒಂದು ಫೋನ್ ಹಾಕಣ್ಣ, ಸೌದೆ ರೇಟಿಗಿಂತ ಸ್ವಲ್ಪ ಜಾಸ್ತಿನೇ ಕೊಡ್ತೀನಿ" ಅಂತ ಹೇಳಿಟ್ಟೆ. ಫೋನ್ ಬಂತು.

ಪ್ಯಾಲೆಟ್ ಆರಿಸುವಾಗ ಅದರ ಪಕ್ಕೆ ನೋಡಿ. ಹೊರದೇಶದ ಸರಕಿನ ಜೊತೆ ಓಡಾಡಿದ ಪ್ಯಾಲೆಟ್ ಆದರೆ ಒಂದು ಮುದ್ರೆ ಇರುತ್ತದೆ. ಎಡಗಡೆ ತೆನೆಯ ಚಿತ್ರ, ಪಕ್ಕದಲ್ಲಿ ದೇಶದ ಎರಡಕ್ಷರ, ಒಂದು ನಂಬರು, ಆಮೇಲೆ ಎಚ್‌ಟಿ ಅಥವಾ ಎಂಬಿ. ಮರದ ಜೊತೆ ಹುಳ ದೇಶ ದಾಟಬಾರದು ಅಂತ 2002ರಲ್ಲಿ ಬಂದ ಐಎಸ್‌ಪಿಎಂ 15 ಅನ್ನೋ ಅಂತರರಾಷ್ಟ್ರೀಯ ನಿಯಮದ ಗುರುತು ಅದು. ಎಚ್‌ಟಿ ಅಂದರೆ ಮರದ ಒಳತಿರುಳಿಗೂ 56 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಿಸಿ 30 ನಿಮಿಷ ಹಿಡಿದಿದ್ದಾರೆ ಅಂತ. ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಅನಿಲ ಹಾಯಿಸಿದ್ದು. ಅನಿಲ ಆರಿಹೋಗುತ್ತದೆ ಅಂತ ಹೇಳುವವರಿದ್ದಾರೆ. ಇರಬಹುದು, ಆದರೆ ಕೋಳಿ ಕುಕ್ಕುವ, ಮಕ್ಕಳು ಕೈಯಿಡುವ ಜಾಗಕ್ಕೆ ನಾನು ಆ ಮರ ತರುವುದಿಲ್ಲ. ನಮ್ಮ ದೇಶದೊಳಗೇ ಓಡಾಡುವ ಪ್ಯಾಲೆಟ್‌ಗೆ ಸಾಮಾನ್ಯವಾಗಿ ಮುದ್ರೆ ಇರುವುದಿಲ್ಲ, ಅಲ್ಲಿ ಕಣ್ಣು, ಮೂಗೇ ಗತಿ. ಎಣ್ಣೆ ಕಲೆ, ಬಣ್ಣ ಚೆಲ್ಲಿದ್ದು, ಕೆಮಿಕಲ್ ವಾಸನೆ, ಇದರಲ್ಲಿ ಯಾವುದಿದ್ದರೂ ಬಿಟ್ಟುಬಿಡಿ. ಹಲಗೆ ತಟ್ಟಿದಾಗ ಸಣ್ಣ ತೂತುಗಳಿಂದ ಹಿಟ್ಟಿನಂಥ ಹುಡಿ ಉದುರಿದರೆ ಒಳಗೆ ಹುಳ ಇನ್ನೂ ತಿನ್ನುತ್ತಿದೆ ಅಂತ ಅರ್ಥ, ಅದೂ ಬೇಡ.

ಎಚ್‌ಟಿ ಮರಕ್ಕೆ ಗೆದ್ದಲು ಬರುವುದಿಲ್ಲ ಅಂತ ಗುಜರಿಯಲ್ಲೂ ಹೇಳುತ್ತಾರೆ. ನಂಬಬೇಡಿ. ಬಿಸಿ ಮಾಡಿದ್ದು ಆಗ ಒಳಗಿದ್ದ ಹುಳ ಸಾಯಲಿ ಅಂತ. ಆಮೇಲೆ ಬರುವ ಗೆದ್ದಲಿಗೆ ಪೈನ್ ಮರ ಅಂದರೆ ಬಲು ಇಷ್ಟ, ಅದೂ ನಮ್ಮ ಕಡೆಯ ಕೆಂಪು ಮಣ್ಣಲ್ಲಿ.

ಈಗ ಬಿಚ್ಚುವ ಕೆಲಸ. ಇಡೀ ಗೂಡಿನ ಶ್ರಮದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ, ಕಟ್ಟುವುದಕ್ಕೆ ಅಷ್ಟು ಹೊತ್ತು ಹಿಡಿಯುವುದಿಲ್ಲ. ಪ್ಯಾಲೆಟ್‌ನಲ್ಲಿ ಮೇಲೆ ತೆಳು ಹಲಗೆ, ಅದನ್ನು ಹೊತ್ತಿರುವ ದಪ್ಪ ಮರಕ್ಕೆ ಗುಜರಿಯವರು ರನ್ನರ್ ಅನ್ನುತ್ತಾರೆ. ಹಲಗೆ ಹೊಡೆದಿರುವ ಮೊಳೆ ಮಾಮೂಲಿ ಮೊಳೆಯಲ್ಲ, ಮೈಯೆಲ್ಲ ತಿರುಚಿರುತ್ತದೆ, ಎಳೆದರೆ ಬರಬಾರದು ಅಂತಲೇ ಮಾಡಿದ್ದು. ಸುತ್ತಿಗೆಯ ಕೊಕ್ಕೆ ಹಾಕಿ ಎತ್ತಿದರೆ ಮೊಳೆ ಅಲ್ಲೇ ಇರುತ್ತದೆ, ಹಲಗೆಯ ತುದಿ ಸೀಳಿ ಕೈಗೆ ಬರುತ್ತದೆ. ನಾನು ಎರಡು ದಾರಿ ಇಟ್ಟುಕೊಂಡೆ. ಪೂರ್ತಿ ಉದ್ದ ಬೇಕಾದ ಹಲಗೆಗೆ, ಪ್ಯಾಲೆಟ್ ಅನ್ನು ಮಗುಚಿ ಹಾಕಿ, ಒಳಗಡೆಯಿಂದ ಮೊಳೆಯ ಪಕ್ಕದಲ್ಲೇ ಒಂದು ಮರದ ತುಂಡು ಇಟ್ಟು, ಅದರ ಮೇಲೆ ದೊಡ್ಡ ಸುತ್ತಿಗೆಯಿಂದ ಒಂದೊಂದೇ ಏಟು. ಈ ತುದಿಗೆ ಒಂದು, ಆ ತುದಿಗೆ ಒಂದು, ನಡುವೆ ಒಂದು. ಒಂದೇ ಕಡೆ ಬಡಿದರೆ ಹಲಗೆ ಸೀಳುತ್ತದೆ. ಅರ್ಧ ಇಂಚು ಸಂದು ಬಿಟ್ಟ ಮೇಲೆ ಆ ಸಂದಿಗೆ ಹ್ಯಾಕ್ಸಾ ಬ್ಲೇಡು ತೂರಿಸಿ ಮೊಳೆಯನ್ನೇ ಕೊಯ್ದುಬಿಡುವುದು. ಹಲಗೆಯಲ್ಲಿ ಉಳಿದ ಮೊಳೆಯ ತಲೆಯನ್ನು ಹಿಂದಿನಿಂದ ಪಂಚ್ ಇಟ್ಟು ಹೊಡೆದರೆ ಆಚೆ ಬೀಳುತ್ತದೆ. ಗಿಡ್ಡ ಹಲಗೆ ಸಾಕು ಅನ್ನೋ ಕಡೆಗೆ ಇಷ್ಟೆಲ್ಲ ಬೇಡ, ರನ್ನರ್ ಪಕ್ಕದಲ್ಲೇ ಗರಗಸ ಇಟ್ಟು ಕೊಯ್ದರೆ ಮೊಳೆಯೇ ಇಲ್ಲದ ಹಲಗೆ ಸಿಗುತ್ತದೆ, ಎರಡು ಕಡೆ ಸೇರಿ 8 ಇಂಚಿನಷ್ಟು ಹೋಗುತ್ತದೆ ಅಷ್ಟೇ.

ಬೂಟು, ದಪ್ಪ ಗ್ಲೌಸು ಇಲ್ಲದೆ ಈ ಕೆಲಸಕ್ಕೆ ಕೂರಲೇಬೇಡಿ. ಟಿಟಿ ಇಂಜೆಕ್ಷನ್ ಹಾಕಿಸಿ ಬಹಳ ವರ್ಷ ಆಗಿದ್ದರೆ ಮೊದಲು ಅದನ್ನು ಹಾಕಿಸಿಕೊಂಡು ಬನ್ನಿ. ಕೆಲಸ ಮುಗಿದ ಮೇಲೆ ಹಳೆ ಸ್ಪೀಕರಿನ ಮ್ಯಾಗ್ನೆಟ್‌ಗೆ ಹಗ್ಗ ಕಟ್ಟಿ ನೆಲದ ಮೇಲೆ ಎಳೆದರೆ ಮೊಳೆಯ ತುಂಡೆಲ್ಲ ಅಂಟಿಕೊಂಡು ಬರುತ್ತದೆ. ಇದನ್ನು ಬಿಡಬೇಡಿ, ಕೋಳಿ ಹೊಳೆಯುವುದನ್ನೆಲ್ಲ ಕುಕ್ಕಿ ನುಂಗುತ್ತದೆ.

ಬಿಚ್ಚಿದ ಮರವನ್ನು ಜಾತಿ ನೋಡಿ ಬೇರೆ ಬೇರೆ ಪೇರಿಸಿದೆ. ಹಗುರ, ಹಳದಿ ಬಣ್ಣ, ಅಂಟಿನ ವಾಸನೆ ಇದ್ದರೆ ಪೈನ್. ಭಾರ ಇದ್ದು ಮೊಳೆ ಹೊಡೆದರೆ ಸೀಳುವುದು ನೀಲಗಿರಿ, ಅಕೇಶಿಯಾ ತರದ್ದು. ಭಾರದ್ದನ್ನೆಲ್ಲ ನೆಲಕ್ಕೆ, ಚೌಕಟ್ಟಿಗೆ ಇಟ್ಟೆ, ಹಗುರದ್ದು ಗೋಡೆಗೆ.

ಇಷ್ಟಾದ ಮೇಲೆ ಅಳತೆ. ನನಗೆ ಸಿಕ್ಕ ಪ್ಯಾಲೆಟ್ ಎಲ್ಲ 1200 ಮಿಲಿಮೀಟರ್ ಉದ್ದ, 1000 ಮಿಲಿಮೀಟರ್ ಅಗಲದವು. 1200 ಅಂದರೆ 4 ಅಡಿಗೆ ಮುಕ್ಕಾಲು ಇಂಚು ಕಮ್ಮಿ. ಇದೇ ಇಡೀ ಗೂಡಿನ ಲೆಕ್ಕ. ಮಾಡಿನ ಪಟ್ಟಿಗೆ, ಅಂದರೆ ಹಂಚು ಕೂರುವ ರೀಪಿಗೆ, ಪ್ಯಾಲೆಟ್ ಹಲಗೆಯನ್ನೇ ಉದ್ದಕ್ಕೆ ಎರಡು ಸೀಳು ಮಾಡಿಕೊಂಡೆ, 2 ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ರೀಪಿನ ಎರಡು ತುದಿಯೂ ತೊಲೆಯ ಮೇಲೇ ಕೂರಬೇಕು, ನಡುವೆಯೂ ಒಂದು ತೊಲೆ ಬೇಕು. ಹಾಗಾಗಿ ತೊಲೆಯಿಂದ ತೊಲೆಗೆ 590 ಮಿಲಿಮೀಟರ್ ಬಿಟ್ಟೆ. ತೊಲೆ ತೊಲೆ ನಡುವಿನ ಜಾಗಕ್ಕೆ ಅಂಕಣ ಅನ್ನೋಣ, ಒಂದು ಹಲಗೆಗೆ ಎರಡು ಅಂಕಣ, ಎರಡು ಹಲಗೆಗೆ ನಾಲ್ಕು ಅಂಕಣ, ಒಟ್ಟು 5 ತೊಲೆ, ಸುಮಾರು 8 ಅಡಿ ಉದ್ದದ ಗೂಡು. ಅಗಲ 4 ಅಡಿ ಆದದ್ದೂ ಹಾಗೇ, ನೆಲದ ಹಲಗೆ ಕೊಯ್ಯದೆ ಅಡ್ಡಕ್ಕೆ ಕೂರಲಿ ಅಂತ. 10 ಅಡಿ ಗೂಡು ಅಂತ ಮೊದಲೇ ನಕ್ಷೆ ಬರೆದಿದ್ದರೆ ಪ್ರತಿ ಹಲಗೆಗೂ ಒಂದು ಜೋಡಣೆ ಬೇಕಾಗುತ್ತಿತ್ತು, ಪ್ರತಿ ಜೋಡಣೆಯೂ ನೀರು ಇಳಿಯುವ ಜಾಗ.

ಅಡಿಪಾಯಕ್ಕೆ ಸಿಮೆಂಟು ಹಾಕಲಿಲ್ಲ. ನಮ್ಮ ಊರುಗಳಲ್ಲಿ ಬೇಲಿಗೆ ನೆಡುವ ಕಲ್ಲು ಕೂಚ ಗೊತ್ತಲ್ವಾ, ಸೈಟು ಮಾಡುವವರು ತೋಟದ ಬೇಲಿ ಕಿತ್ತಾಗ ಅರ್ಧ ಮುರಿದ ಕೂಚಗಳು ರಸ್ತೆ ಬದಿ ಬಿದ್ದಿರುತ್ತವೆ. ಜಾಗದವರನ್ನು ಕೇಳಿ 3 ಅಡಿ ಉದ್ದದ 6 ತುಂಡು ತಂದೆ. ಒಂದೂವರೆ ಅಡಿ ಮಣ್ಣೊಳಗೆ, ಒಂದೂವರೆ ಅಡಿ ಮೇಲೆ. ನಾಲ್ಕು ಮೂಲೆಗೆ ನಾಲ್ಕು, ಉದ್ದದ ನಡುವೆ ಎರಡು. ಮೂಲೆ ಸರಿ ಮಾಡಲು ದಾರ ಕಟ್ಟಿ ಮೂರು-ನಾಲ್ಕು-ಐದರ ಲೆಕ್ಕ, ಅಂದರೆ ಮೂಲೆಯಿಂದ ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಗುರುತು ಮಾಡಿದರೆ ಆ ಎರಡು ಗುರುತಿನ ನಡುವೆ ಓರೆಗೆ 5 ಅಡಿ ಬರಬೇಕು. ಕಲ್ಲಿನ ತಲೆಗಳು ಒಂದೇ ಮಟ್ಟಕ್ಕೆ ಬರಲು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ನೋಡುವುದು, ಗಾರೆಯವರು ಮಾಡುವ ಹಾಗೆ. ಕಲ್ಲಿನ ತಲೆಯ ಮೇಲೆ ಮರ ಇಡುವ ಮುಂಚೆ ಒಂದು ತಗಡಿನ ಟೋಪಿ ಹಾಕಿದೆ. 15 ಕೆಜಿ ಎಣ್ಣೆ ಡಬ್ಬ ಬಿಚ್ಚಿ ಚಪ್ಪಟೆ ಮಾಡಿದ ತಗಡು, ಕಲ್ಲಿಗಿಂತ ಸುತ್ತಲೂ 2 ಇಂಚು ಆಚೆ ಚಾಚಿ, ಅಂಚನ್ನು ಕೆಳಕ್ಕೆ ಬಗ್ಗಿಸಿದ್ದು. ಗೆದ್ದಲು ಕಲ್ಲಿನ ಮೈಮೇಲೆ ಮಣ್ಣಿನ ಗೆರೆ ಕಟ್ಟಿಕೊಂಡೇ ಹತ್ತಬೇಕು, ತಗಡಿನ ಅಂಚು ಸುತ್ತಿ ಬರಬೇಕಾದರೆ ಆ ಗೆರೆ ಕಣ್ಣಿಗೆ ಬೀಳುತ್ತದೆ. ತಗಡು ಗೆದ್ದಲನ್ನು ಪೂರ್ತಿ ತಡೆಯುತ್ತದೆ ಅಂತಲ್ಲ, ಅದು ಬಂದದ್ದು ನಮಗೆ ತಿಳಿಯುವ ಹಾಗೆ ಮಾಡುತ್ತದೆ. ನೋಡಿದ ತಕ್ಷಣ ಕೋಲಿನಿಂದ ಕೆರೆದು ಹಾಕಿದರೆ ಆಯಿತು. ಇದಕ್ಕೇ ಗೂಡಿನ ಕೆಳಗೆ ಸಾಮಾನು ತುಂಬಬೇಡಿ, ಬಗ್ಗಿ ನೋಡಲು ಜಾಗ ಇರಲಿ.

ಕಲ್ಲಿನ ಮೇಲೆ ಪೆಟ್ಟಿಗೆ ಮರದ ಉದ್ದ ತೊಲೆ ಎರಡು, ಅದರ ಮೇಲೆ ರನ್ನರ್‌ಗಳು ಅಡ್ಡಕ್ಕೆ, ಅದರ ಮೇಲೆ ನೆಲದ ಹಲಗೆ. ನನಗೆ ಸಿಕ್ಕ ಕೂಚಗಳಲ್ಲಿ ಬೇಲಿ ತಂತಿ ತೂರಿಸುವ ತೂತು ಇತ್ತು, ಅದರಲ್ಲೇ ದಪ್ಪ ಜಿಐ ತಂತಿ ಹಾಯಿಸಿ ತೊಲೆಯನ್ನು ಬಿಗಿದೆ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಎಂಥ ಗಾಳಿ ಬರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಚೌಕಟ್ಟು ಎಬ್ಬಿಸುವಾಗ ನಮ್ಮ ಬೀದಿಯ ಬಡಗಿ ಆಚಾರ್ರು ಬಂದು ನಿಂತರು. ವಯಸ್ಸಾದವರು, ಈಗ ಕೆಲಸಕ್ಕೆ ಹೋಗುವುದಿಲ್ಲ. ಒಣಗಿದ ರನ್ನರ್‌ಗೆ ನಾನು ಮೊಳೆ ಹೊಡೆಯುವುದನ್ನು ನೋಡಿ "ಸ್ವಾಮಿ, ಮೊಳೆ ಮೂತಿ ಮೊದ್ಲು ಮೊಂಡು ಮಾಡ್ಕೊಳ್ಳಿ" ಅಂದರು. ಮೊಳೆಯನ್ನು ತಲೆಕೆಳಗೆ ಕಲ್ಲಿನ ಮೇಲೆ ಇಟ್ಟು, ಚೂಪು ತುದಿಗೆ ಸುತ್ತಿಗೆಯಿಂದ ಮೆಲ್ಲಗೆ ಒಂದು ತಟ್ಟು. "ಚೂಪಿದ್ರೆ ಮರ ಸೀಳ್ಕೊಂಡು ಹೋಗುತ್ತೆ, ಮೊಂಡಿದ್ರೆ ಮರ ಕಡ್ಕೊಂಡು ಹೋಗುತ್ತೆ." "ಸರಿ ಆಚಾರ್ರೇ" ಅಂತ ಅಲ್ಲಿಂದ ಮುಂದೆ ಹಾಗೇ ಮಾಡಿದೆ, ತುದಿಗಳಲ್ಲಿ ಸೀಳುವುದು ಕಮ್ಮಿಯಾಯಿತು. ಭಾರ ಬೀಳುವ ಜೋಡಣೆಗೆಲ್ಲ ಡ್ರಿಲ್ ಹಾಕಿ ಸ್ಕ್ರೂ. ಸ್ಕ್ರೂ ಮೈಗೆ ಬಟ್ಟೆ ಸೋಪು ಸವರಿದರೆ ಗಟ್ಟಿ ಮರದಲ್ಲೂ ಸಲೀಸಾಗಿ ಇಳಿಯುತ್ತದೆ, ಇದೂ ಅವರು ಹೇಳಿದ್ದೇ. ಹಣ ನಿಜವಾಗಿ ಖರ್ಚಾದದ್ದು ಸ್ಕ್ರೂ ಮತ್ತು ಜಾಲರಿಗೆ. ಅವೆರಡನ್ನು ಹೊಸದೇ ತನ್ನಿ.

ಮಾಡು ಒಂದೇ ಕಡೆಗೆ ಇಳಿಜಾರು, ಒಪ್ಪಾರದ ಹಾಗೆ. ಮುಂದೆ ನೆಲದಿಂದ ಆರೂವರೆ ಅಡಿ, ಹಿಂದೆ ನಾಲ್ಕೂವರೆ. 4 ಅಡಿಗೆ 2 ಅಡಿ ಇಳಿತ. ಮಂಗಳೂರು ಹಂಚಿಗೆ ಇದಕ್ಕಿಂತ ಚಪ್ಪಟೆ ಮಾಡಿದರೆ ಗಾಳಿ ಮಳೆಯಲ್ಲಿ ನೀರು ಹಂಚಿನ ಸಂದಿಯಿಂದ ಹಿಂದಕ್ಕೆ ನುಗ್ಗುತ್ತದೆ. ಮಾಡಿನ ತೊಲೆಗೆ ಪ್ಯಾಲೆಟ್ ಮರ ಸಾಲುವುದಿಲ್ಲ. ಮುಂದೆ ಹಿಂದೆ ಸೂರು ಸೇರಿ 6 ಅಡಿಗಿಂತ ಜಾಸ್ತಿ ಬೇಕು, ಅಲ್ಲಿ ಜೋಡಣೆ ಹಾಕಿದ ಮರ ಇಡಬಾರದು. ಪೆಟ್ಟಿಗೆ ಮರಕ್ಕಾಗಿ ಫೋನ್ ಕಾದದ್ದು ಇದಕ್ಕೇ. ತೂಕ ನೋಡಿ: 100 ಚದರಡಿಗೆ ಸುಮಾರು 150 ಹಂಚು ಅನ್ನೋದು ಮಾಡು ಹೊದಿಸುವವರ ಲೆಕ್ಕ. ಸೂರು ಸೇರಿ ನನ್ನ ಮಾಡು 56 ಚದರಡಿ, ಅಂದರೆ 85 ಹಂಚು. ಒಂದಕ್ಕೆ ಎರಡೂವರೆ ಕೆಜಿ ಹಿಡಿದರೂ 200 ಕೆಜಿ ದಾಟುತ್ತದೆ, ಮಳೆ ನೀರು ಕುಡಿದ ಮೇಲೆ ಇನ್ನೂ ಜಾಸ್ತಿ. ಅಷ್ಟು ಭಾರ ಮೇಲೆ ಕೂತರೆ ಗಾಳಿಗೆ ಗೂಡು ಅಲುಗುವುದಿಲ್ಲ, ನನಗೆ ಅದೂ ಬೇಕಿತ್ತು. ಶೀಟು ಹಾಕಬಹುದಿತ್ತು, ಸುಲಭ, ಆದರೆ ಬೇಸಿಗೆ ಮಧ್ಯಾಹ್ನ ಶೀಟಿನ ಕೆಳಗೆ ಕೈಯಿಟ್ಟು ನೋಡಿದವರು ಕೋಳಿಗೆ ಅದನ್ನು ಹಾಕುವುದಿಲ್ಲ.

ಹಂಚು ತರುವಾಗ ಒಂದೊಂದನ್ನೂ ಬೆರಳಿನ ಗೆಣ್ಣಿನಿಂದ ಬಾರಿಸಿ. ಠಣ್ ಅಂದರೆ ಒಳ್ಳೆಯದು, ದಬ್ ಅಂದರೆ ಎಲ್ಲೋ ಬಿರುಕಿದೆ. ಇನ್ನೊಂದು ವಿಷಯ ಬಹಳ ಮುಖ್ಯ. ಹಂಚಿನ ಬೆನ್ನು ತಿರುಗಿಸಿ ಕಾರ್ಖಾನೆಯ ಹೆಸರು ಓದಿ, ಎಲ್ಲವೂ ಒಂದೇ ಹೆಸರಿನದ್ದಾಗಿರಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ ಉದ್ದಕ್ಕೂ ಎಷ್ಟೋ ಕಾರ್ಖಾನೆಗಳು ಬಂದವು. ನೋಡಲು ಎಲ್ಲ ಒಂದೇ ತರ, ಆದರೆ ಒಂದರ ಅಚ್ಚಿನ ತೋಡು ಇನ್ನೊಂದರ ಉಬ್ಬುಗೆರೆಗೆ ಕೂರುವುದಿಲ್ಲ. ಹಾಗಾಗಿ ಒಂದೇ ಮನೆ ಕೆಡವಿದ ಹಂಚು ತರುವುದು ಒಳ್ಳೆಯದು. ರೀಪಿನ ಅಂತರವನ್ನೂ ಪುಸ್ತಕ ನೋಡಿ ಇಡಬೇಡಿ. ನಿಮ್ಮದೇ ಎರಡು ಹಂಚನ್ನು ನೆಲದ ಮೇಲೆ ಒಂದಕ್ಕೊಂದು ಕೂರಿಸಿ, ರೀಪಿಗೆ ತಗುಲಿಕೊಳ್ಳುವ ಹಿಂದಿನ ಕಿವಿಯಿಂದ ಕಿವಿಗೆ ಅಳೆಯಿರಿ. ನನಗೆ ಹನ್ನೆರಡೂವರೆ ಇಂಚು ಬಂತು. ಕೊನೆಯ ಸಾಲಿನ ಹಂಚುಗಳನ್ನು ತಂತಿಯಿಂದ ರೀಪಿಗೆ ಕಟ್ಟಿದೆ, ಗಾಳಿಗೂ ಆಯಿತು, ಕೋತಿಗಳಿಗೂ ಆಯಿತು.

ಗೋಡೆಗೆ ಇಡೀ ಪ್ಯಾಲೆಟ್ ನಿಲ್ಲಿಸಿ ಕಟ್ಟಿದ ಗೂಡುಗಳ ವಿಡಿಯೋ ಬಹಳ ಇವೆ. ಕೆಲಸ ಬೇಗ ಆಗುತ್ತದೆ ನಿಜ, ಆದರೆ ನಮ್ಮ ಕಡೆಗೆ ಅದು ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ. ಎರಡು ಪದರದ ನಡುವಿನ ಟೊಳ್ಳಿನಲ್ಲಿ ಇಲಿ ಸಂಸಾರ ಹೂಡುತ್ತದೆ, ಇಲಿ ಹಿಂದೆಯೇ ಹಾವು. ಕೋಳಿಯ ರಕ್ತ ಹೀರುವ ನುಸಿ ಹಗಲಲ್ಲಿ ಅಡಗುವುದೂ ಅಂಥ ಸಂದಿಯಲ್ಲೇ. ಬಿಚ್ಚಿ ಒಂಟಿ ಹಲಗೆಯ ಗೋಡೆ ಮಾಡಿ. ಕೆಳಗಿನಿಂದ ಶುರು ಮಾಡಿ, ಮೇಲಿನ ಹಲಗೆ ಕೆಳಗಿನದರ ಮೇಲೆ ಒಂದು ಇಂಚು ಹತ್ತಲಿ, ನೀರು ಹೊರಗೇ ಜಾರುತ್ತದೆ. ಗೂಡಿನ ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ. ಬಿಸಿಲು ನೇರ ಬೀಳುವ ಆ ಎರಡು ಗಿಡ್ಡ ಗೋಡೆ ಪೂರ್ತಿ ಹಲಗೆ, ಉತ್ತರ ದಕ್ಷಿಣದ ಉದ್ದ ಗೋಡೆಗಳಲ್ಲಿ ಕೆಳಗರ್ಧ ಹಲಗೆ, ಮೇಲರ್ಧ ಜಾಲರಿ. ಗಾಳಿ ಆಡದಿದ್ದರೆ ಹಿಕ್ಕೆಯ ವಾಸನೆಗೇ ಕೋಳಿಗೆ ನೆಗಡಿ ಹಿಡಿಯುತ್ತದೆ.

ಜಾಲರಿ ಅರ್ಧ ಇಂಚಿನ ವೆಲ್ಡ್ ಮೆಶ್ ಆಗಿರಲಿ. ಆರು ಮೂಲೆಯ ತೆಳು ಕೋಳಿ ಬಲೆ ಕೋಳಿಯನ್ನು ಒಳಗಿಡುತ್ತದೆ, ನಾಯಿ ಮುಂಗುಸಿಯನ್ನು ಹೊರಗಿಡುವುದಿಲ್ಲ. ಜಾಲರಿಯನ್ನು ಒಳಗಿನಿಂದ ಹಾಕಬೇಡಿ, ಹೊರಗಿನಿಂದ ಹಾಕಿ ಅಂಚಿನ ಮೇಲೆ ಹಲಗೆ ಪಟ್ಟಿ ಇಟ್ಟು ಸ್ಕ್ರೂ ಮಾಡಿ. ಆಗ ಹೊರಗಿನಿಂದ ದೂಡುವ ಪ್ರಾಣಿಯ ಬಲವೆಲ್ಲ ಚೌಕಟ್ಟಿನ ಮೇಲೆ ಬೀಳುತ್ತದೆ. ಬಾಗಿಲಿಗೆ ಹಳೆ ಮನೆಯ ಕಿಟಕಿಯ ಒಂದು ಕದ ಸಿಕ್ಕಿತು, ತೇಗದ್ದು, ಹಿತ್ತಾಳೆ ಚಿಲಕದ ಸಮೇತ. ಅದರ ಬಣ್ಣ ಕೆರೆಯುವಾಗ ಮೂಗಿಗೆ ಮಾಸ್ಕ್ ಹಾಕಿ, ಒದ್ದೆ ಮಾಡಿಕೊಂಡು ಕೆರೆಯಿರಿ, ಹಳೆ ಬಣ್ಣದಲ್ಲಿ ಸೀಸ ಇರುವುದುಂಟು. ಕೆರೆದದ್ದನ್ನು ಕೋಳಿ ಓಡಾಡುವ ಕಡೆ ಚೆಲ್ಲಬೇಡಿ.

ಮರಕ್ಕೆ ಹೊರಗಡೆ ಗೇರೆಣ್ಣೆ ಹೊಡೆದೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ, ಕರಾವಳಿಯಲ್ಲಿ ಮಾಡಿನ ಮರಕ್ಕೆ, ದೋಣಿಗೆ ಹಿಂದಿನಿಂದಲೂ ಬಳಿಯುತ್ತಾರೆ. ಮೂಡುಬಿದಿರೆಯಿಂದ ನಮ್ಮ ಭಾವ ಒಂದು ಕ್ಯಾನ್ ತಂದುಕೊಟ್ಟರು. ಕೊಡುವಾಗಲೇ "ಬರಿಗೈಯಲ್ಲಿ ಮುಟ್ಟಬೇಡಿ ಭಾವ, ಚರ್ಮ ಸುಟ್ಟು ಹೋಗ್ತದೆ" ಅಂದಿದ್ದರು. ಉದ್ದ ತೋಳಿನ ಅಂಗಿ, ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ, ಇವಿಲ್ಲದೆ ಬ್ರಷ್ ಹಿಡಿಯಬೇಡಿ. ಸ್ವಲ್ಪ ಟರ್ಪೆಂಟೈನ್ ಬೆರೆಸಿ ತೆಳು ಮಾಡಿದರೆ ಮರ ಎಳೆದುಕೊಳ್ಳುತ್ತದೆ. ಹಲಗೆಯ ಕೊಯ್ದ ತುದಿಗಳಿಗೆ ಎರಡು ಮೂರು ಸಲ ಹೊಡೆಯಿರಿ, ನೀರು ಮೊದಲು ಕುಡಿಯುವುದು ಅಲ್ಲೇ. ಪೂರ್ತಿ ಒಣಗಿ ವಾಸನೆ ಹೋಗುವ ತನಕ ಕೋಳಿ ಬಿಡಬೇಡಿ. ಒಳಗಡೆ ಮಾತ್ರ ಇದು ಬೇಡ, ಒಳಗೆ ಸುಣ್ಣ. ಹಳೆ ಮೊಳೆಯ ತೂತು, ಬಿರುಕು, ಜೋಡಣೆಯ ಸಂದು, ಇವೆಲ್ಲದರೊಳಗೆ ಬ್ರಷ್ ಒತ್ತಿ ಗಟ್ಟಿ ಸುಣ್ಣ ತುಂಬಿದೆ. ಪ್ಯಾಲೆಟ್ ಮರದಲ್ಲಿ ತೂತಿಗೆ ಬರವಿಲ್ಲ, ನುಸಿಗೆ ಒಂದೂ ಬಿಡಬಾರದು. ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಮತ್ತೆ ಹೊಡೆಯುತ್ತೇನೆ.

ಕೋಳಿಗೆ 3 ಚದರಡಿ ಹಿಡಿದರೆ 32 ಚದರಡಿಯಲ್ಲಿ 10 ನಾಟಿ ಕೋಳಿ ಆರಾಮಾಗಿ ಇರುತ್ತವೆ. ರಾತ್ರಿ ಕೂರಲು ಸಾರುವೆಗೆ ಕಟ್ಟಿ ಬಿಸಾಕಿದ ಸರ್ವೆ ಮರದ ಗಳ, 2 ಇಂಚು ದಪ್ಪದ್ದು, ತೊಗಟೆ ಕೆರೆದು ಹಾಕಿದ್ದೇನೆ. ಒಂದು ಕೋಳಿಗೆ 9 ಇಂಚು ಜಾಗ ಬೇಕು, 8 ಅಡಿ ಗಳದಲ್ಲಿ ಹತ್ತೂ ಕೂರುತ್ತವೆ. ಎರಡು ಗಳ ಹಾಕುವುದಾದರೆ ಒಂದೇ ಎತ್ತರಕ್ಕೆ ಹಾಕಿ, ಇಲ್ಲದಿದ್ದರೆ ಮೇಲಿನದಕ್ಕೆ ದಿನಾ ಸಂಜೆ ಜಗಳ. ಮೊಟ್ಟೆ ಪೆಟ್ಟಿಗೆಗಳು ಗಳಕ್ಕಿಂತ ತಗ್ಗಿನಲ್ಲಿರಬೇಕು, ಎತ್ತರದಲ್ಲಿದ್ದರೆ ಕೋಳಿ ಅದರಲ್ಲೇ ಮಲಗಿ ಗಲೀಜು ಮಾಡುತ್ತದೆ. ಉಳಿದ ಗಿಡ್ಡ ಹಲಗೆಗಳಲ್ಲಿ ಒಂದಡಿ ಉದ್ದ, ಒಂದಡಿ ಅಗಲದ ಮೂರು ಪೆಟ್ಟಿಗೆ ಆದವು, ನಾಲ್ಕೈದು ಕೋಳಿಗೆ ಒಂದು ಸಾಕಾದರೂ ಮರ ಇತ್ತು, ಮಾಡಿದೆ. ಅದರ ಮುಚ್ಚಳ ಗೂಡಿನ ಹಿಂಬದಿಗೆ ತೆರೆಯುತ್ತದೆ, ಮಕ್ಕಳು ಒಳಗೆ ಹೋಗದೆ ಮೊಟ್ಟೆ ತೆಗೆದುಕೊಳ್ಳಬಹುದು. ನೆಲಕ್ಕೆ 3 ಇಂಚು ಕಡಲೆಕಾಯಿ ಹೊಟ್ಟು. ಒದ್ದೆಯಾದಾಗ ಎಳೆದು ಹಾಕಿ ಹೊಸದು ಹರಡುವುದು, ಹಳೆಯದು ಗೊಬ್ಬರದ ಗುಂಡಿಗೆ, ಅಲ್ಲಿ ಚೆನ್ನಾಗಿ ಕೊಳೆತ ಮೇಲೆ ತೆಂಗಿನ ಬುಡಕ್ಕೆ.

ಕೆಲಸ ಶುರು ಮಾಡುವವರು ಜನವರಿಯಲ್ಲಿ ಮರ ಬಿಚ್ಚಲು ಕೂತರೆ ಬೇಸಿಗೆ ಮಳೆ ಬರುವ ಹೊತ್ತಿಗೆ ಹಂಚು ಮೇಲಿರುತ್ತದೆ. ಬಿಚ್ಚಿದ ಮರವನ್ನು ಒಂದು ರಾತ್ರಿ ಕೂಡ ಬರಿ ನೆಲದ ಮೇಲೆ ಇಡಬೇಡಿ, ಕೆಳಗೆ ಎರಡು ಇಟ್ಟಿಗೆ ಇಟ್ಟು ಪೇರಿಸಿ. ಕೊಯ್ದ ಮೊಳೆಗಳನ್ನೆಲ್ಲ ಒಂದು ಡಬ್ಬದಲ್ಲಿ ತುಂಬಿ ಅದೇ ಗುಜರಿ ಅಂಗಡಿಗೆ ತೂಕಕ್ಕೆ ಹಾಕಿದೆ. ಉದ್ದದ ಮರ ಬಂದರೆ ಅವರು ಈಗಲೂ ಫೋನ್ ಮಾಡುತ್ತಾರೆ, ಮುಂದಿನ ಸಲ ಸೌದೆ ಕೊಟ್ಟಿಗೆ ಮಾಡೋಣ ಅಂತ ತಂದು ಪೇರಿಸುತ್ತಿದ್ದೇನೆ. ಎಷ್ಟು ಉದ್ದ ಎಷ್ಟು ಅಗಲ ಅಂತ ಇನ್ನೂ ತೀರ್ಮಾನ ಮಾಡಿಲ್ಲ.